ಜಿಲ್ಲೆಗೆಲ್ಲ ಗೊತ್ತಿರುವ ನನ್ನ ಮೊಣಕಾಲು

ನನ್ನ ಮುಖ ವಿಜಯಪುರದಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲ. ಆದರೆ ನನ್ನ ಮೊಣಕಾಲು ಜಿಲ್ಲೆಗೆಲ್ಲ ಗೊತ್ತು. ಇದನ್ನು ಹೆಮ್ಮೆಯಿಂದಲೂ ಹೇಳುತ್ತಿಲ್ಲ, ನಾಚಿಕೆಯಿಂದಲೂ ಹೇಳುತ್ತಿಲ್ಲ; ಪತ್ರಿಕೆಯ ಕೆಲಸದಲ್ಲಿ ಬಂದ ಅಭ್ಯಾಸದಂತೆ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ. ನೀವು ಪತ್ರಿಕೆ ಓದುವವರಾದರೆ ಆ ಮೊಣಕಾಲನ್ನು ನೋಡಿಯೇ ಇರುತ್ತೀರಿ. ಬಣ್ಣ ಉದುರಿದ ಗೋಡೆಯ ಮೂಲೆ, ನೆಲದ ಮೇಲೆ ಕುಳಿತ ಒಬ್ಬ ಹೆಂಗಸು, ಎರಡೂ ಕೈಗಳಿಂದ ತಬ್ಬಿಕೊಂಡ ಮೊಣಕಾಲು, ಅವುಗಳ ನಡುವೆ ಹುದುಗಿದ ಮುಖ, ಮುಂದಕ್ಕೆ ಬಿದ್ದ ಜಡೆ. ಕೆಳಗೆ ಸಣ್ಣ ಅಕ್ಷರದಲ್ಲಿ ‘ಸಾಂದರ್ಭಿಕ ಚಿತ್ರ’. ಜಿಲ್ಲೆಯಲ್ಲಿ ಯಾವ ಹೆಣ್ಣಿಗೆ ಏನೇ ಆಗಲಿ, ಅವಳ ಪರವಾಗಿ ಪುಟದಲ್ಲಿ ನಾನು ಕುಳಿತಿರುತ್ತೇನೆ. ವರದಕ್ಷಿಣೆ ಕಿರುಕುಳಕ್ಕೆ ಕುಳಿತಿದ್ದೇನೆ, ಆನ್‌ಲೈನ್ ವಂಚನೆಗೆ ಕುಳಿತಿದ್ದೇನೆ, ಬಸ್ಸಿನಲ್ಲಿ ಬ್ಯಾಗು ಮರೆತವಳ ಸುದ್ದಿಗೂ ಕುಳಿತಿದ್ದೇನೆ. ಒಮ್ಮೆ ಒಂದು ಮಹಿಳಾ ಸಂಘದ ಪದಾಧಿಕಾರಿಗಳ ಆಯ್ಕೆಯ ಸುದ್ದಿಗೂ ಕೈತಪ್ಪಿ ನನ್ನನ್ನೇ ಕೂರಿಸಿದ್ದರು. ಮರುದಿನ ಹೊಸ ಅಧ್ಯಕ್ಷೆ ಫೋನ್ ಮಾಡಿ, ತಾವು ಅವಿರೋಧವಾಗಿ, ಸಂತೋಷದಿಂದ ಆಯ್ಕೆಯಾಗಿರುವುದಾಗಿ ಸ್ಪಷ್ಟಪಡಿಸಿದರು.

ಆ ಚಿತ್ರ ಹುಟ್ಟಿದ್ದು ಸೊಲ್ಲಾಪುರ ರಸ್ತೆಯಲ್ಲಿ, ಟೈರ್ ಅಂಗಡಿಯ ಮೇಲಿರುವ ನಮ್ಮ ಪುಟ್ಟ ಪತ್ರಿಕೆಯ ಕಚೇರಿಯಲ್ಲಿ. ನಾನು ಅಲ್ಲಿ ಉಪಸಂಪಾದಕಿ. ಒಂದು ಸಂಜೆ ಪುಟ ಕಟ್ಟುವ ಹೊತ್ತಿಗೆ ಯಾವುದೋ ಸುದ್ದಿಗೆ ಫೋಟೋ ಬೇಕಾಯಿತು. ಕಚೇರಿಯಲ್ಲಿದ್ದ ಹೆಂಗಸು ನಾನೊಬ್ಬಳೇ. ನಮ್ಮ ಛಾಯಾಗ್ರಾಹಕ ಮಲ್ಲಣ್ಣ ನನ್ನನ್ನು ಹಳೆ ಪತ್ರಿಕೆ ತುಂಬಿದ್ದ ಹಿಂದಿನ ಕೋಣೆಗೆ ಕರೆದೊಯ್ದು, ಮೂಲೆಯಲ್ಲಿ ಕೂರಿಸಿ, ದುಃಖಪಡಲು ಹೇಳಿದ. ಸುದ್ದಿಮನೆಯಲ್ಲಿ ದುಃಖಕ್ಕೆ ಕಾರಣಗಳ ಕೊರತೆಯೇನೂ ಇಲ್ಲ. ಆದರೆ ಕೇಳಿದ ತಕ್ಷಣ ಒಂದೂ ನೆನಪಾಗಲಿಲ್ಲ. ನನಗೆ ಸ್ಫೂರ್ತಿ ಬರಲೆಂದು ಮಲ್ಲಣ್ಣ ಸಿನಿಮಾದ ತಾಯಿಯ ಧ್ವನಿಯಲ್ಲಿ, ‘ಮಗನಽ, ನನ್ನ ಬಿಟ್ಟ ಹೋಗಬ್ಯಾಡೋ’ ಎಂದು ರಾಗ ಎಳೆದ. ದಪ್ಪ ಮೀಸೆಯ ಆ ಮನುಷ್ಯನ ಧ್ವನಿ ಬಿರಿದ ಕ್ಷಣಕ್ಕೇ ಕೆಳಗಿನ ಅಂಗಡಿಯಲ್ಲಿ ಯಾವುದೋ ಟೈರು ಉಸ್ಸೆಂದು ಗಾಳಿ ಬಿಟ್ಟಿತು. ನನಗೆ ನಗು ತಡೆಯಲಾಗಲಿಲ್ಲ. ಮುಖವನ್ನು ಮೊಣಕಾಲಲ್ಲಿ ಹುದುಗಿಸಿಕೊಂಡು ನಕ್ಕೆ. ಮಲ್ಲಣ್ಣ ಕ್ಲಿಕ್ಕಿಸಿದ. ಸಂಪಾದಕರಾದ ಬಿರಾದಾರ ಸರ್ ಕನ್ನಡಕ ಏರಿಸಿ ಚಿತ್ರ ನೋಡಿ, ಭುಜದಲ್ಲೇ ಎಷ್ಟು ನೋವಿದೆ ನೋಡಿ ಎಂದು ಮೆಚ್ಚಿದರು. ಕಂಪ್ಯೂಟರಿನಲ್ಲಿ ಅದಕ್ಕೆ ‘ನೊಂದ ಮಹಿಳೆ’ ಎಂದು ಹೆಸರಿಟ್ಟರು. ಅಲ್ಲಿಂದ ಅದು ಇನ್ನಾವುದೋ ಯೂಟ್ಯೂಬ್ ವಾಹಿನಿಗೆ ಹೋಯಿತು. ಅವರು ನನ್ನ ಸುತ್ತ ಕೆಂಪು ವೃತ್ತ ಎಳೆದು, ಹಿಂದೆ ಗುಡುಗಿನ ಸದ್ದು ಹಾಕಿದರು. ಜೀವನದಲ್ಲಿ ನಾನು ಅಷ್ಟು ನಕ್ಕಿದ್ದು ಕಡಿಮೆ. ಆ ನಗುವನ್ನು ಇಡೀ ಜಿಲ್ಲೆ ಅಳುವೆಂದು ಓದಿತು.

ಜಿಲ್ಲೆಯನ್ನು ದೂರಿ ಪ್ರಯೋಜನವಿಲ್ಲ. ಹೆಣ್ಣನ್ನು ಹೇಗೆ ನೋಡಬೇಕೆಂದು ನಮಗೆಲ್ಲ ಸಿನಿಮಾ ಚಿಕ್ಕಂದಿನಲ್ಲೇ ಕಲಿಸಿಬಿಟ್ಟಿರುತ್ತದೆ. ಪರದೆಯ ಮೇಲೆ ಹೆಣ್ಣು ಅಳುವುದಕ್ಕೆ ಜಾಗ ನಿಗದಿಯಾಗಿದೆ: ಓಡಿ ಬಂದು ಮಂಚದ ಮೇಲೆ ಬೋರಲು ಬೀಳಬೇಕು. ನಮ್ಮ ಮನೆಯಲ್ಲಿ ನಾನು ಹಾಗೆ ಓಡಿ ಬಿದ್ದರೆ, ಮಡಿಸದೆ ಉಳಿದ ಬಟ್ಟೆಯ ರಾಶಿಯ ಮೇಲೆ ಬೀಳುತ್ತೇನೆ. ಅತ್ತು ಮುಗಿಸಿ ಏಳುವಾಗ ಅವನ್ನು ಮಡಿಸಿಯೇ ಏಳಬೇಕು. ಗಂಡಸು ಅಳಬೇಕಾದರೆ ಮಾತ್ರ ಮಳೆ ತರಿಸುತ್ತಾರೆ, ಕೆನ್ನೆಯ ಮೇಲಿನದು ಯಾವ ನೀರೆಂದು ಯಾರಿಗೂ ತಿಳಿಯಬಾರದು ಎಂದು. ಇನ್ನು ಸಿನಿಮಾದ ಪತ್ರಕರ್ತೆ. ಅವಳು ಮೈಕು ಹಿಡಿದು ಓಡುತ್ತಾಳೆ, ಎಡವುತ್ತಾಳೆ, ನಾಯಕನ ತೋಳಿಗೆ ಬೀಳುತ್ತಾಳೆ, ಆಮೇಲೆ ಸುದ್ದಿ ಬರೆದದ್ದನ್ನು ಯಾರೂ ನೋಡಿಲ್ಲ. ಈ ವೃತ್ತಿಯಲ್ಲಿ ಕೂದಲು ನೆರೆಯುವಷ್ಟು ಕಾಲ ಇದ್ದವಳು ನಾನು. ಬಿದ್ದದ್ದು ಒಮ್ಮೆ, ಸೊಲ್ಲಾಪುರ ರಸ್ತೆಯ ಗಟಾರಕ್ಕೆ. ಟೈರ್ ಅಂಗಡಿಯವ ಕೈ ಹಿಡಿದು ಎಳೆದು, ‘ಇನ್ನೊಂದ್ ಚಪ್ಪಲಿ ಎಲ್ಲಿ ಹೋತ್ರಿ?’ ಎಂದು ಕೇಳಿದ. ಯಾವ ದಿಕ್ಕಿನಿಂದಲೂ ಹಾಡು ಬರಲಿಲ್ಲ.

ಪತ್ರಿಕೆಯವರಾದ ನಾವೇನೂ ಸಿನಿಮಾದವರಿಗೆ ಕಡಿಮೆಯಿಲ್ಲ. ಫಲಿತಾಂಶ ಬಂದ ದಿನ ಹುಡುಗಿಯರು ಪರಸ್ಪರ ಪೇಢೆ ತಿನ್ನಿಸಬೇಕು. ಮೊದಲ ಮಳೆಗೆ ಹುಡುಗಿಯರೇ ಛತ್ರಿ ಬಿಚ್ಚಬೇಕು. ಗಂಡಸರ ಮೇಲೆ ಮಳೆ ಬೀಳುವುದೇ ಇಲ್ಲ. ಬೆಲೆ ಏರಿದರೆ ಹೆಂಗಸು ಖಾಲಿ ಚೀಲ ಹಿಡಿದು ಆಕಾಶ ನೋಡಬೇಕು, ಟೊಮ್ಯಾಟೊ ಅಲ್ಲಿಂದ ಬೀಳುತ್ತದೇನೋ ಎಂಬಂತೆ. ಉಳಿದ ಎಲ್ಲದಕ್ಕೂ ನನ್ನ ಮೊಣಕಾಲು.

ಚಿತ್ರದಲ್ಲಿರುವುದು ನಾನೆಂದು ಗುರುತು ಹಿಡಿದವಳು ನನ್ನ ಅವ್ವ ಒಬ್ಬಳೇ. ಅವಳು ಬಬಲೇಶ್ವರದ ಹತ್ತಿರ ಜೈನಾಪುರದಲ್ಲಿ ನನ್ನ ತಮ್ಮನ ಜೊತೆ ಇರುತ್ತಾಳೆ. ಒಂದು ಬೆಳಿಗ್ಗೆ ಫೋನ್ ಮಾಡಿ, ಪೇಪರಿನಲ್ಲಿರುವವಳ ಕಾಲ್ಬೆರಳು ಸೊಟ್ಟಗಿದೆ, ಆ ಬೆರಳು ತಾನು ಹೆತ್ತದ್ದೇ ಎಂದಳು. ಚಿಕ್ಕಂದಿನಲ್ಲಿ ಒನಕೆ ಬಿದ್ದು ಸೊಟ್ಟಗಾದ ಬೆರಳು ಅದು. ‘ಯಾರ್ ಏನ್ ಅಂದ್ರವ್ವಾ ನಿನಗ?’ ಎಂದು ಕೇಳಿದಳು. ಯಾರೂ ಏನೂ ಅಂದಿಲ್ಲ, ನಗುತ್ತಿದ್ದೆ ಎಂದೆ. ಅವಳು, ಗಂಡನ ಮನೆಯ ಮರ್ಯಾದೆ ಕಾಯುವುದಕ್ಕೆ ಹೆಣ್ಣುಮಕ್ಕಳು ಹೀಗೆಯೇ ಹೇಳುತ್ತಾರೆ ಎಂದು ಫೋನಿಟ್ಟಳು. ನನ್ನ ಗಂಡ ಆ ವಾರವಿಡೀ ಜೈನಾಪುರದ ಕಡೆಯಿಂದ ಬರುವ ಕರೆಗಳಿಗೆ ಹೆದರಿಕೊಂಡೇ ಇದ್ದ.

ಹೀಗೆ ಕುಳಿತಲ್ಲೇ ನಾನು ನಿವೃತ್ತಳಾಗುತ್ತಿದ್ದೆನೋ ಏನೋ. ಅಷ್ಟರಲ್ಲಿ ದ್ರಾಕ್ಷಿ ಸುಗ್ಗಿಯ ದಿನಗಳಲ್ಲಿ ಒಂದು ಬೆಳಿಗ್ಗೆ ಕಚೇರಿಯ ಮೆಟ್ಟಿಲು ಹತ್ತಿ ಮಾಲನ್‌ಬಿ ಬಂದಳು. ಮೂವತ್ತೈದರ ಆಸುಪಾಸಿನ ಹೆಂಗಸು, ತಲೆಯ ಮೇಲೆ ಸೆರಗು, ಕೈಯಲ್ಲಿ ಸುರುಳಿ ಸುತ್ತಿದ ನಮ್ಮ ಪತ್ರಿಕೆ. ಊರು ಟಿಕೋಟಾ. ತೋಟದಿಂದ ದ್ರಾಕ್ಷಿ ಕ್ರೇಟು ಹೇರಿಕೊಂಡು ವಿಜಯಪುರಕ್ಕೆ ತರುವ ಸಣ್ಣ ಗೂಡ್ಸ್ ಗಾಡಿಯ ಚಾಲಕಿ. ಗಾಡಿ ಅವಳದೇ. ಹಿಂದಿನ ದಿನದ ಪತ್ರಿಕೆಯನ್ನು ನನ್ನ ಮೇಜಿನ ಮೇಲೆ ಬಿಚ್ಚಿ, ಒಂದು ಸುದ್ದಿಯ ಮೇಲೆ ಬೆರಳಿಟ್ಟು, ಇವಳು ಯಾರು ಎಂದು ಕೇಳಿದಳು. ಬೆರಳು ಇದ್ದದ್ದು ನೇರ ನನ್ನ ಮೊಣಕಾಲಿನ ಮೇಲೆ.

ಸುದ್ದಿ ಹೀಗಿತ್ತು: ಇಬ್ರಾಹಿಂಪುರದ ರೈಲ್ವೆ ಗೇಟಿನ ಬಳಿ ಸರಗಳ್ಳತನ ಯತ್ನ, ಬೆದರಿದ ಮಹಿಳೆ, ಕಳ್ಳನನ್ನು ಹಿಡಿದುಕೊಟ್ಟ ಸಾರ್ವಜನಿಕರು. ನನ್ನ ವಾರದ ರಜೆಯ ದಿನ ಕಟ್ಟಿದ ಪುಟ ಅದು. ನಡೆದದ್ದನ್ನು ಮಾಲನ್‌ಬಿ ಹೇಳಿದಳು. ಗೇಟು ಹಾಕಿದ್ದರಿಂದ ಅವಳು ಗಾಡಿ ನಿಲ್ಲಿಸಿ ಕೆಳಗಿಳಿದು ಕ್ರೇಟಿನ ಹಗ್ಗ ಬಿಗಿಯುತ್ತಿದ್ದಳು. ಬೈಕಿನಲ್ಲಿ ಬಂದವನೊಬ್ಬ ಅವಳ ಕೊರಳಿನ ಸರಕ್ಕೆ ಕೈ ಹಾಕಿದ. ಬೇರೆ ಯಾರಾದರೂ ಸರ ಹಿಡಿದುಕೊಳ್ಳುತ್ತಿದ್ದರು. ಇವಳು ಚಾಲಕಿ, ಇವಳ ಕೈ ಹೋದದ್ದು ಅವನ ಬೈಕಿನ ಚಾವಿಗೆ. ಚಾವಿ ಕಿತ್ತಳು, ಬೈಕು ಬಂದ್ ಆಯಿತು, ಬೈಕಿನ ಸಮೇತ ಅವನು ಬಿದ್ದ. ಗೇಟಿನಲ್ಲಿ ನಿಂತಿದ್ದ ಸಾರ್ವಜನಿಕರು ಮೊಬೈಲಿನಲ್ಲಿ ವಿಡಿಯೊ ಮಾಡಿದರು. ಆಮೇಲೆ ಪೊಲೀಸರು ಬಂದರು.

‘ನಾ ಕುಂತಿದ್ದು ಖರೇ ಐತ್ರಿ ಅಕ್ಕಾರ,’ ಎಂದಳು ಮಾಲನ್‌ಬಿ, ‘ಆದ್ರ ಮೂಲ್ಯಾಗ ಅಲ್ಲ. ಕಳ್ಳನ ಬೆನ್ನ ಮ್ಯಾಲ.’

ನನಗೆ ನಗು ಬಂತು. ಅವಳಿಗೆ ಬರಲಿಲ್ಲ. ಅವಳ ಮೈದುನ ಬಹಳ ದಿನಗಳಿಂದ ಆ ಗಾಡಿಯ ಮೇಲೆ ಕಣ್ಣಿಟ್ಟಿದ್ದ. ಪತ್ರಿಕೆ ಬಂದ ಬೆಳಿಗ್ಗೆ ಅದನ್ನು ಮನೆಮಂದಿಯ ಮುಂದೆ ಹಿಡಿದು, ಭಾಭಿ ಹೆದರಿ ಹೇಗಾಗಿದ್ದಾಳೆ ನೋಡಿರಿ, ಇನ್ನು ಅವಳನ್ನು ರಸ್ತೆಗೆ ಕಳಿಸುವುದು ಬೇಡ ಎಂದ. ಅವಳ ಗಂಡ ಹೊಲಿಗೆ ಕೆಲಸದವನು, ಮೆತ್ತನೆಯ ಮನುಷ್ಯ. ತನ್ನ ಹೆಂಡತಿ ಎದುರಿಗೇ ನಿಂತು ರೊಟ್ಟಿ ಬಡಿಯುತ್ತಿದ್ದರೂ, ಪೇಪರಿನಲ್ಲಿ ಬಂದಿದೆಯಲ್ಲ ಎಂದ. ಚಾವಿ ಮೈದುನನ ಜೇಬಿಗೆ ಹೋಯಿತು. ತೋಟದವರೂ ಚಿತ್ರ ನೋಡಿ, ಪಾಪ ಸುಧಾರಿಸಿಕೊಳ್ಳಲಿ ಎಂದು ಮೈದುನನ ಕೈಗೇ ಮಾಲು ಕೊಡಲು ಒಪ್ಪಿದ್ದರು. ಸುಗ್ಗಿಯಲ್ಲಿ ಕೈಬಿಟ್ಟುಹೋದ ತೋಟ ಮುಂದಿನ ವರ್ಷ ವಾಪಸು ಬರುವುದಿಲ್ಲ. ‘ಕಳ್ಳನ ಚಾವಿ ನಾ ಕಿತ್ಕೊಂಡೆ,’ ಎಂದಳು, ‘ನನ್ನ ಚಾವಿ ನಿಮ್ಮ ಪೇಪರ್ ಕಿತ್ಕೊಂತು. ಈಗ ಇಕಿನ್ನ ಎಬ್ಬಸ್ರಿ.’ ಮತ್ತೆ ನನ್ನ ಮೊಣಕಾಲನ್ನು ಬೆರಳಿನಿಂದ ಕುಟ್ಟಿದಳು.

ಅವಳನ್ನು ಬಿರಾದಾರ ಸರ್ ಮುಂದೆ ಕೂರಿಸಿದೆ. ಸರ್ ಕೆಟ್ಟವರಲ್ಲ, ಅವರಿಗೆ ಒಂದು ನಿಯಮವಿದೆ. ಸಂಗತಿ ತಪ್ಪಿದ್ದರೆ ಮಾತ್ರ ತಿದ್ದುಪಡಿ. ಅಭಿಪ್ರಾಯಕ್ಕೆ, ಬೇಸರಕ್ಕೆ, ಚಿತ್ರಕ್ಕೆ ತಿದ್ದುಪಡಿಯಿಲ್ಲ. ಕಳ್ಳನನ್ನು ಹಿಡಿದದ್ದು ಸಾರ್ವಜನಿಕರು ಎಂದಿದೆಯಲ್ಲ, ಅದು ತಪ್ಪಲ್ಲವೇ ಎಂದು ಕೇಳಿದೆ. ಸರ್ ಸ್ವಲ್ಪ ಯೋಚಿಸಿ ಮಾಲನ್‌ಬಿಯನ್ನು ಕೇಳಿದರು, ‘ನೀವು ಸಾರ್ವಜನಿಕರ ಪೈಕಿ ಹೌದೋ ಅಲ್ಲೋ?’ ಹೌದೆಂದಳು. ‘ಹಂಗಾರ ಸುದ್ದಿ ಸರೀನ ಐತಿ.’ ಬೆದರಿದ್ದರು ಎಂಬುದು ವರದಿಗಾರನ ಅಭಿಪ್ರಾಯ. ಚಿತ್ರದ ಕೆಳಗೆ ಸಾಂದರ್ಭಿಕ ಎಂದೂ ಇದೆ. ಬೇಕಾದರೆ ಭಾನುವಾರದ ಮಹಿಳಾ ಪುಟಕ್ಕೆ ಒಂದು ದೊಡ್ಡ ಲೇಖನ ಮಾಡೋಣ ಎಂದರು. ಕಷ್ಟದಲ್ಲಿ ಅರಳಿದ ಹೂವು, ಹಾಗೇನಾದರೂ. ಮನೆ, ಒಲೆ, ಮಕ್ಕಳು, ಕಣ್ಣಂಚಿನಲ್ಲಿ ಸ್ವಲ್ಪ ನೀರು. ಮಾಲನ್‌ಬಿ ತನಗೆ ಭಾನುವಾರ ಬಾಡಿಗೆ ಜಾಸ್ತಿ ಇರುತ್ತದೆ ಎಂದಳು.

ಸುದ್ದಿಮನೆಯ ಶಿಸ್ತಿನಲ್ಲಿ ಬೆಳೆದವರಿಗೆ ಕೂಗಾಡಲು ಬರುವುದಿಲ್ಲ. ಮೇಲಿನವರ ನಿಯಮವನ್ನು ಅವರಿಗಿಂತ ಚೆನ್ನಾಗಿ ಪಾಲಿಸುವುದೊಂದೇ ನಮಗೆ ಗೊತ್ತಿರುವ ಜಗಳ. ಚಿತ್ರವನ್ನು ನಾವು ಯಾವ ಹೆಸರಿನಲ್ಲಿ ಇಟ್ಟಿದ್ದೇವೆ ಎಂದು ಸರ್ ಅವರನ್ನು ಕೇಳಿದೆ. ನೊಂದ ಮಹಿಳೆ ಎಂದರು. ಆ ಮಹಿಳೆ ನೊಂದಿರಲಿಲ್ಲ, ಇದು ಸಂಗತಿಯ ತಪ್ಪು ಎಂದೆ. ಮೂಲ ಯಾರು ಎಂದರು. ಮೂಲವಿಲ್ಲದೆ ಅವರು ತಮ್ಮ ಹುಟ್ಟುಹಬ್ಬವನ್ನೂ ಒಪ್ಪುವವರಲ್ಲ. ನಾನು ಚಪ್ಪಲಿ ಕಳಚಿ ಸೊಟ್ಟ ಕಾಲ್ಬೆರಳನ್ನು ಅವರ ಮೇಜಿನ ಪಕ್ಕದ ಕುರ್ಚಿಯ ಮೇಲಿಟ್ಟು, ಅದರ ಪಕ್ಕ ಪತ್ರಿಕೆ ಹಿಡಿದೆ.

ಅಷ್ಟು ವರ್ಷ ಆ ಚಿತ್ರ ಹಾಕಿಸಿದವರಿಗೆ ಅದರಲ್ಲಿರುವುದು ಯಾರು ಎಂಬುದು ಮರೆತೇ ಹೋಗಿತ್ತು. ಮಾಲನ್‌ಬಿ ಬಗ್ಗಿ ಬೆರಳನ್ನೂ ಚಿತ್ರವನ್ನೂ ಹೋಲಿಸಿ ನೋಡಿದಳು. ಅಷ್ಟು ಹೊತ್ತು ಸಿಟ್ಟಿನಲ್ಲಿದ್ದವಳು ಧ್ವನಿ ತಗ್ಗಿಸಿ, ‘ಏನಾಗಿತ್ರಿ ಅಕ್ಕಾರ ನಿಮಗ?’ ಎಂದು ಕೇಳಿದಳು. ಮಲ್ಲಣ್ಣನ ರಾಗವನ್ನೂ ಟೈರಿನ ಉಸಿರನ್ನೂ ವಿವರಿಸಿದೆ. ಅವಳು ಮೊದಲ ಸಲ ನಕ್ಕಳು. ಬಾಗಿಲಲ್ಲಿ ನಿಂತಿದ್ದ ಮಲ್ಲಣ್ಣನನ್ನು ಸರ್ ಸಾಕ್ಷಿ ಕೇಳಿದರು. ಅವನು ತಲೆ ತಗ್ಗಿಸಿ ಹೌದೆಂದ. ಹೀಗೆ ಇಬ್ಬರು ಪ್ರತ್ಯಕ್ಷ ಸಾಕ್ಷಿಗಳ ಹೇಳಿಕೆ ಪಡೆದು, ಮರುದಿನದ ಪತ್ರಿಕೆಗೆ ನಾನು ಬರೆದದ್ದು ಇಷ್ಟು: ‘ತಿದ್ದುಪಡಿ. ಇಬ್ರಾಹಿಂಪುರ ರೈಲ್ವೆ ಗೇಟಿನ ಬಳಿ ನಡೆದ ಸರಗಳ್ಳತನ ಯತ್ನದ ವರದಿಯೊಂದಿಗೆ ಪ್ರಕಟವಾದ ಚಿತ್ರದಲ್ಲಿರುವ ಮಹಿಳೆ ಅಳುತ್ತಿರಲಿಲ್ಲ, ನಗುತ್ತಿದ್ದರು. ಕಳ್ಳನನ್ನು ಹಿಡಿದ ಟಿಕೋಟಾದ ಚಾಲಕಿ ಮಾಲನ್‌ಬಿ ಅವರೂ ಅಳುತ್ತಿರಲಿಲ್ಲ. ಸ್ಥಳದಲ್ಲಿ ಅಳುತ್ತಿದ್ದವನು ಆರೋಪಿ ಮಾತ್ರ.’ ಸರ್ ಅದನ್ನು ಎರಡು ಸಲ ಓದಿ, ಸಾರ್ವಜನಿಕರ ವಿಡಿಯೊ ತರಿಸಿ ನೋಡಿ, ತಪ್ಪು ಹುಡುಕಿ, ಸಿಗದೆ, ಸಹಿ ಹಾಕಿದರು.

ಚಿತ್ರ ಬೇಕಿತ್ತಲ್ಲ. ಮಲ್ಲಣ್ಣನ ಬೈಕಿನಲ್ಲಿ ನಾನೂ, ಬಸ್ಸಿನಲ್ಲಿ ಮಾಲನ್‌ಬಿಯೂ ಟಿಕೋಟಾಕ್ಕೆ ಹೋದೆವು. ತೋಟದ ಬದಿಯಲ್ಲಿ ಗಾಡಿ ನಿಂತಿತ್ತು, ಕ್ರೇಟು ಹೇರಿಯಾಗಿತ್ತು, ತೋಟದ ಯಜಮಾನರೂ ಕೂಲಿಯ ಹೆಂಗಸರೂ ಇದ್ದರು. ಪೇಪರಿನವರು ಫೋಟೋ ತೆಗೆಯಲು ಬಂದಿದ್ದಾರೆ ಎಂದು ತಿಳಿದ ಮೈದುನ ಕನ್ನಡಿಯಲ್ಲಿ ಕೂದಲು ಬಾಚಿಕೊಂಡು, ತಾನೇ ಸ್ಟೀರಿಂಗ್ ಹಿಡಿದು ಕುಳಿತ. ಅದನ್ನು ಕಂಡು ಮಲ್ಲಣ್ಣನಿಗೂ ಏನೂ ತಪ್ಪೆನಿಸಲಿಲ್ಲ. ಅಭ್ಯಾಸ ಎಂಬುದು ಅಷ್ಟು ಗಟ್ಟಿ. ಮಾಲನ್‌ಬಿಯನ್ನು ಬಾಗಿಲ ಪಕ್ಕ ನಿಲ್ಲಿಸಿ, ಒಂದು ಕೈ ಗಾಡಿಯ ಮೇಲಿಟ್ಟು ಸ್ವಲ್ಪ ಮುಖ ತಗ್ಗಿಸಲು, ಬೇಸರವಾದ ಹಾಗೆ ಇರಲು ಹೇಳಿದ. ಅವಳು ಕ್ಯಾಮೆರಾದ ಕಡೆ ನೋಡಲೇ ಇಲ್ಲ. ಮೈದುನನನ್ನು ನೋಡಿ, ‘ಇಳಿ,’ ಎಂದಳು.

ಅವನು ನಕ್ಕು, ಫೋಟೋ ಆಗಲಿ ಭಾಭಿ, ಆಮೇಲೆ ಮಾತಾಡೋಣ ಎಂದ. ಅವಳು ಧ್ವನಿ ಏರಿಸಲಿಲ್ಲ. ‘ಗೇಟಿನ್ಯಾಗ ಒಬ್ಬಾಂವ ಹಿಂಗ ನಗ್ತಿದ್ದ. ಅವನ ಬೆನ್ನ ಈಗ ಹೆಂಗೈತಿ, ಕೇಳ್ಕೊಂಡ ಬಾ ಹೋಗು. ಮೊದ್ಲ ಇಳಿ. ಚಾವಿ ಅಲ್ಲೇ ಬಿಡು.’

ಕೂಲಿಯ ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ತೋಟದ ಯಜಮಾನರು ನಗು ಮರೆಸಲು ಮೀಸೆ ಒರೆಸಿಕೊಂಡರು. ಮೈದುನ ಇಳಿದ. ಅವಳು ಹತ್ತಿ ಕುಳಿತು, ಗಾಡಿ ಚಾಲೂ ಮಾಡಿ, ಮೊಣಕೈಯನ್ನು ಕಿಟಕಿಯ ಹೊರಗಿಟ್ಟು, ದಾರಿಗೆ ಅಡ್ಡ ನಿಂತ ಎಮ್ಮೆಯನ್ನು ನೋಡುವ ಹಾಗೆ ಮಲ್ಲಣ್ಣನನ್ನು ನೋಡಿದಳು. ನಗಲು ಹೇಳುವ ಧೈರ್ಯವೂ ಅವನಿಗೆ ಬರಲಿಲ್ಲ. ಕ್ಲಿಕ್ಕಿಸಿ ಪಕ್ಕಕ್ಕೆ ಸರಿದ. ಅವಳು ಮಾಲಿನ ಸಮೇತ ವಿಜಯಪುರದ ದಾರಿ ಹಿಡಿದಳು. ಆ ಚಿತ್ರ ಮರುದಿನ ಮುಖಪುಟದಲ್ಲಿ ಬಂತು, ತಿದ್ದುಪಡಿ ಅದರ ಕೆಳಗೆ. ಅವಳ ಗಂಡ ಅದನ್ನು ಕತ್ತರಿಸಿ ಹೊಲಿಗೆ ಯಂತ್ರದ ಮುಂದೆ ಅಂಟಿಸಿದನಂತೆ. ಪೇಪರಿನಲ್ಲಿ ಬಂದಿತ್ತಲ್ಲ, ನಂಬಿದ. ಸುಗ್ಗಿ ಮುಗಿಯುವವರೆಗೆ ಚಾವಿ ಅವಳ ಸೊಂಟ ಬಿಟ್ಟು ಕದಲಲಿಲ್ಲ.

‘ನೊಂದ ಮಹಿಳೆ’ಯನ್ನು ನಾನೇ ಕಂಪ್ಯೂಟರಿನಿಂದ ಅಳಿಸಿದೆ. ಹಾಗಾದರೆ ಇನ್ನು ಮುಂದೆ ಏನು ಹಾಕುವುದು ಎಂದು ಸರ್ ಚಿಂತೆಗೆ ಬಿದ್ದರು. ತಪ್ಪು ಮಾಡಿದವನನ್ನು ಕೂರಿಸೋಣ, ತಲೆ ತಗ್ಗಿಸಬೇಕಾದವನು ಅವನಲ್ಲವೇ ಎಂದೆ. ಕಚೇರಿಯಲ್ಲಿ ಆ ಹೊತ್ತಿಗೆ ಬಿಡುವಾಗಿದ್ದ ಗಂಡಸು ಮಲ್ಲಣ್ಣ ಒಬ್ಬನೇ. ಅದೇ ಕೋಣೆ, ಅದೇ ಮೂಲೆ. ಕ್ಯಾಮೆರಾ ನನ್ನ ಕೈಯಲ್ಲಿ. ಈಗ ಜಿಲ್ಲೆಯ ವರದಕ್ಷಿಣೆಗೂ ವಂಚನೆಗೂ ಅವನೇ ಮೊಣಕಾಲಲ್ಲಿ ಮುಖ ಹುದುಗಿಸಿ ಕುಳಿತಿರುತ್ತಾನೆ. ಅವನ ಹೆಂಡತಿ ಪ್ಯಾಂಟಿನ ತೇಪೆ ನೋಡಿ ಗುರುತು ಹಿಡಿದು, ಏನು ಮಾಡಿ ಸಿಕ್ಕಿಬಿದ್ದೆ ಎಂದು ಕೇಳಿದಳಂತೆ. ಅವನು ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ದ. ನನಗೆ ಬೇಸರವಾಗಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಗೆದ್ದ ಹಾಗೆಯೇ ಇರುತ್ತಿತ್ತು. ಆದರೆ ಮಹಿಳಾ ದಿನಕ್ಕೆ ಬಬಲೇಶ್ವರದ ಒಂದು ಸಂಘದವರು ಮಾಲನ್‌ಬಿಗೂ ನನಗೂ ಸನ್ಮಾನ ಇಟ್ಟುಕೊಂಡರು. ಅವಳ ಗಾಡಿಯಲ್ಲೇ, ಪಕ್ಕದ ಸೀಟಿನಲ್ಲಿ ಕುಳಿತು ಹೋದೆ. ಹೋಗಿ ನೋಡಿದರೆ ವೇದಿಕೆಯ ಹಿಂದೆ ಗೋಡೆಯಷ್ಟು ಅಗಲದ ಬ್ಯಾನರು. ಅದರ ತುಂಬ ನನ್ನ ಮೊಣಕಾಲು. ನಾವು ಅಳಿಸಿದ್ದು ನಮ್ಮ ಕಂಪ್ಯೂಟರಿನಿಂದ. ಊರಿನ ಮೊಬೈಲುಗಳಿಂದ ಅಲ್ಲ. ಬ್ಯಾನರ್ ಮಾಡಿದವರು ಮಹಿಳೆ ಎಂದು ಹುಡುಕಿದಾಗ ಮೊದಲು ಸಿಕ್ಕವಳೇ ನಾನು. ನನಗೆ ಸಿಟ್ಟು ನೆತ್ತಿಗೇರಿತು. ಸಂಘಟಕರನ್ನು ಕರೆದು ಇದನ್ನು ತೆಗೆಯುವವರೆಗೆ ವೇದಿಕೆ ಹತ್ತುವುದಿಲ್ಲ ಎಂದೆ. ಅವರು ಪಾಪ, ಅಧ್ಯಕ್ಷರು ಬರುವ ಹೊತ್ತಾಯಿತು ಎಂದು ಕೈ ಹಿಸುಕಿಕೊಂಡರು. ಮಾಲನ್‌ಬಿ ಗಾಡಿಯಿಂದ ಕ್ರೇಟು ಮುಚ್ಚುವ ತಾಡಪತ್ರಿ ತಂದು, ಕುರ್ಚಿಯ ಮೇಲೆ ಹತ್ತಿ, ಕ್ರೇಟು ಬಿಗಿಯುವ ಹಗ್ಗದಿಂದಲೇ ಬ್ಯಾನರಿನ ಮೇಲೆ ಬಿಗಿದು ಕಟ್ಟಿದಳು. ಕೆಳಗಿದ್ದ ಹೆಂಗಸರು ಚಪ್ಪಾಳೆ ಹೊಡೆದರು. ದ್ರಾಕ್ಷಿಯ ಕಲೆ ಬಿದ್ದ ನೀಲಿ ತಾಡಪತ್ರಿಯ ಮುಂದೆ ನಮ್ಮಿಬ್ಬರನ್ನು ಕೂರಿಸಿ ಶಾಲು ಹೊದಿಸಿದರು.

ಅಧ್ಯಕ್ಷರ ಭಾಷಣ ಶುರುವಾಯಿತು. ಹೆಣ್ಣು ಕ್ಷಮಯಾ ಧರಿತ್ರಿ ಎಂದು ಅವರು ಧ್ವನಿ ಏರಿಸಿದ ಹೊತ್ತಿಗೆ ಮಾಲನ್‌ಬಿ ನನ್ನ ಕಡೆ ವಾಲಿ, ತಾಡಪತ್ರಿಯ ಕೆಳಗೆ ಇಣುಕುತ್ತಿದ್ದ ಬ್ಯಾನರಿನಲ್ಲಿನ ನನ್ನ ಸೊಟ್ಟ ಕಾಲ್ಬೆರಳನ್ನು ತೋರಿಸಿ, ‘ಅಕ್ಕಾರ, ನೀವು ನಮಗಿಂತ ಮೊದ್ಲ ಬಂದು ಕುಂತೀರಲ್ಲ,’ ಎಂದಳು. ಅಷ್ಟೇ. ನಗು ತಡೆಯಲು ನೋಡಿದೆ, ಆಗಲಿಲ್ಲ. ವೇದಿಕೆಯ ಮೇಲೆ, ಶಾಲಿನ ಸಮೇತ, ಮುಖವನ್ನು ಮೊಣಕಾಲಲ್ಲಿ ಹುದುಗಿಸಿಕೊಂಡೆ. ಎದುರಿಗೆ ಮಲ್ಲಣ್ಣ ಇದ್ದ.

ಮರುದಿನ ನನ್ನ ವಾರದ ರಜೆ. ಪತ್ರಿಕೆ ಬಿಚ್ಚಿದೆ. ಮಾಲನ್‌ಬಿ ನೇರ ನೋಡುತ್ತ ಕುಳಿತಿದ್ದಾಳೆ. ಪಕ್ಕದಲ್ಲಿ ನನ್ನ ಬೆನ್ನು, ಶಾಲು, ಮೊಣಕಾಲು. ಕೆಳಗೆ ಬಿರಾದಾರ ಸರ್ ಕೈಯಾರೆ ಬರೆದ ಸಾಲು: ‘ಸನ್ಮಾನ ಸ್ವೀಕರಿಸಿ ಕಣ್ಣೀರಾದ ಹಿರಿಯ ಪತ್ರಕರ್ತೆ’. ಈ ಸಲ ಸಾಂದರ್ಭಿಕ ಚಿತ್ರ ಎಂದೂ ಇರಲಿಲ್ಲ. ತಿದ್ದುಪಡಿ ಬರೆಯಲು ಪೆನ್ನು ಹುಡುಕುತ್ತಿದ್ದೆ, ಅಷ್ಟರಲ್ಲಿ ಜೈನಾಪುರದಿಂದ ಫೋನ್ ಬಂತು. ನನ್ನ ಗಂಡ ಸದ್ದಿಲ್ಲದೆ ಎದ್ದು ಹೊರಗೆ ಹೋದ.